ಎರಡೂ ಕಣ್ಣು ಸರಿ ಎಂದು ಬರೆದ ಚೀಟಿ

ಮಾಸೂರಿನ ಶಾಲೆಯ ಪಡಸಾಲೆಯಲ್ಲಿ ಕೂತು ಆ ಗುರುವಾರ ನಾನು ಬರೆದ ಚೀಟಿಯಲ್ಲಿ ಇದ್ದದ್ದು ಮೂರೇ ಸಾಲು. ಬಲಗಣ್ಣು 6/6. ಎಡಗಣ್ಣು 6/6. ಕನ್ನಡಕ ಬೇಕಿಲ್ಲ. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ನಮ್ಮ ಕಣ್ಣಿನ ಕೇಂದ್ರದ ಮೊಹರು. ಬರೆಯಲು ಅರ್ಧ ನಿಮಿಷವೂ ಹಿಡಿದಿರಲಿಲ್ಲ. ಅದು ತಪ್ಪು ಎಂದು ನನ್ನ ಬಾಯಿಂದಲೇ ನಾಲ್ಕು ಜನರ ಮುಂದೆ ಹೇಳುವ ಹೊತ್ತಿಗೆ ಏನೇನಾಯಿತು ಎಂಬುದನ್ನು ಬರೆಯುತ್ತಿದ್ದೇನೆ.

ನಮ್ಮದು ಊರೂರು ಸುತ್ತುವ ಕಣ್ಣಿನ ಗಾಡಿ. ಸೋಮವಾರ ಹಾನಗಲ್ಲ ಕಡೆ, ಮಂಗಳವಾರ ಶಿಗ್ಗಾಂವಿ, ಬುಧವಾರ ಸವಣೂರು, ಗುರುವಾರ ಹಿರೇಕೆರೂರು. ಡ್ರೈವರ್, ನಾನು, ಒಂದು ಪೆಟ್ಟಿಗೆ ಗಾಜು, ಬ್ಯಾಟರಿ, ಆರು ಮೀಟರಿಗೆ ಗಂಟು ಹಾಕಿದ ಹಗ್ಗ. ನಾನು ಆರಿಸಿ ಕಳಿಸಿದವರನ್ನು ಶುಕ್ರವಾರ ಕೇಂದ್ರದಲ್ಲಿ ನಮ್ಮ ಕಣ್ಣಿನ ಡಾಕ್ಟರು ನೋಡುತ್ತಾರೆ. ಹಳ್ಳಿಯ ಜನ ನನ್ನನ್ನೂ ಡಾಕ್ಟರ್ ಬಾಯಾರು ಎಂದೇ ಕರೆಯುತ್ತಾರೆ. ನಾನು ಡಾಕ್ಟರಲ್ಲ, ಕಣ್ಣು ಅಳೆಯುವವಳು. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ. ಬಿಟ್ಟದ್ದರಲ್ಲಿ ಸ್ವಲ್ಪ ಖುಷಿಯೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮೊದಲು ನನ್ನ ಪರೀಕ್ಷೆಯ ರೀತಿ ಹೇಳಬೇಕು, ಯಾಕೆಂದರೆ ತಪ್ಪು ಕೂತಿದ್ದದ್ದು ಅಲ್ಲಿಯೇ. ನಮ್ಮ ಕಡೆಯವರಿಗೆ ಕಣ್ಣಿನ ಪರೀಕ್ಷೆಯೆಂದರೂ ಪರೀಕ್ಷೆಯೇ, ಪಾಸಾಗಲೇಬೇಕು. ಗೋಡೆಗೆ ಅಕ್ಷರದ ಪಟ ತೂಗುಹಾಕಿದರೆ ಸಾಲಿನಲ್ಲಿ ನಿಂತವರು ಮುಂದಿನವರು ಹೇಳಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಹತ್ತಿಮತ್ತೂರಿನಲ್ಲಿ ಒಬ್ಬ ಅಜ್ಜ ಪಟಕ್ಕೆ ಬೆನ್ನು ಮಾಡಿ ನಿಂತು ಕೊನೆಯ ಸಾಲಿನವರೆಗೂ ತಪ್ಪಿಲ್ಲದೆ ಒಪ್ಪಿಸಿದ್ದ. ನೋಡಿದರೆ ಎರಡೂ ಕಣ್ಣಿಗೆ ಪೊರೆ! ಅವತ್ತೇ ಪಟ ಸುತ್ತಿ ಗಾಡಿಯ ಸೀಟಿನ ಕೆಳಗೆ ತುರುಕಿದೆ. ಅದರ ಬದಲು ಅಂಗೈಯಗಲದ ರಟ್ಟುಗಳು, ಒಂದೊಂದರ ಮೇಲೂ ಇಂಗ್ಲಿಷಿನ ಒಂದೇ ಒಂದು 'ಇ'. ಅದನ್ನು ಕೈಯಲ್ಲಿ ತಿರುಗಿಸಿ ಹಿಡಿದರೆ ಅದರ ಮೂರು ಕಾಲು ಯಾವ ಕಡೆಗಿವೆ ಎಂದು ಅವರು ಬೆರಳು ಮಾಡಿ ತೋರಿಸಬೇಕು. ಓದು ಬರದವರಿಗೂ ಆಗುತ್ತದೆ, ಯಾರೂ ಕದಿಯಲಾರರು. ನನ್ನ ಈ ಜಾಣತನದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಆ ಗುರುವಾರ ಸಾಲು ಶಾಲೆಯ ಗೇಟಿನವರೆಗೂ ಇತ್ತು. ನಡುವೆ ಒಬ್ಬ ಹೆಂಗಸು ತನ್ನ ಸೊಸೆಯನ್ನು ರಟ್ಟೆ ಹಿಡಿದು ಕರೆದುಕೊಂಡು ಬಂದಳು. ಸೊಸೆಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಕೂಸನ್ನು ಅತ್ತೆಯೇ ಸೊಂಟಕ್ಕೆ ಏರಿಸಿಕೊಂಡಿದ್ದಳು.

“ಬಾಯಾರ, ಕಣ್ಣು ನೆಟ್ಟಗ ಕಾಣವಲ್ಲವು ಅಂತಾಳ ಇಕಿ. ಚಂದಗೆ ನೋಡ್ರಿ. ಖರೇ ಏನು, ಸೋಗು ಏನು, ನಮಗೂ ತಿಳೀಬೇಕಾಗೇತಿ,” ಎಂದಳು ಅತ್ತೆ.

ಹಗ್ಗದ ಗಂಟಿನ ಹತ್ತಿರ ಹುಡುಗಿಯನ್ನು ನಿಲ್ಲಿಸಿ ಒಂದು ಕಣ್ಣು ಮುಚ್ಚಿಸಿ ರಟ್ಟು ಹಿಡಿದೆ. ರಟ್ಟು ಎಲ್ಲಿದೆ ಎಂದು ಕಂಡುಕೊಳ್ಳಲು ಆಕೆಗೆ ಹೊತ್ತು ಹಿಡಿಯುತ್ತಿತ್ತು. ಕಂಡ ಮೇಲೆ ಮಾತ್ರ ಒಂದೂ ತಪ್ಪಲಿಲ್ಲ. ಮೇಲೆ, ಎಡಕ್ಕೆ, ಕೆಳಗೆ. ಎಲ್ಲಕ್ಕಿಂತ ಸಣ್ಣ ಅಕ್ಷರದವರೆಗೂ ಹೇಳಿದಳು.

“ಎಲ್ಲಾ ಕಾಣತದಲ್ಲವಾ. ಮತ್ತೇನು ತ್ರಾಸು?” ಎಂದೆ.

“ಕಾಣತೈತ್ರಿ. ಆದ್ರ ಉಳಿಯೂದಿಲ್ಲ.”

“ಏನು ಉಳಿಯೂದಿಲ್ಲ?”

“ನೋಡಾಕತ್ತಿದ್ದು.”

ಅತ್ತೆ ನನ್ನ ಕಡೆ ತಿರುಗಿ, “ಕೇಳಿದ್ರಿಲ್ಲ, ಹಿಂಗ ಮಾತಾಡ್ತಾಳ ನೋಡ್ರಿ,” ಎಂದಳು. ಹಿಂದೆ ಇನ್ನೂ ಅರವತ್ತು ಜನ. ಬಿಸಿಲು ಕಾಲಿಗೆ ಬಂದಿತ್ತು. “ಕಣ್ಣು ಒಂದನೇ ನಂಬರ್ ಅವ. ಕಣ್ಣಾಗ ಏನೂ ಇಲ್ಲ. ಮನಸಿನ್ಯಾಗ ಏನರೆ ಇದ್ರ ನನಗ ಗೊತ್ತಿಲ್ಲ,” ಎಂದುಬಿಟ್ಟೆ. ಸಾಲಿನಲ್ಲಿದ್ದವರು ನಕ್ಕರು. ಚೀಟಿ ಚಾಚಿದಾಗ ಹುಡುಗಿಯ ಕೈ ಅದರ ಕೆಳಗಿನಿಂದ ಗಾಳಿಯಲ್ಲಿ ಹಾದುಹೋಯಿತು. ಅತ್ತೆ ಫಕ್ಕನೆ ಕಸಿದುಕೊಂಡಳು. ಅದನ್ನೂ ನಾನು ನೋಡಿದೆ. ನೋಡಿ, “ಮುಂದಿನವರು ಬರ್ರಿ,” ಎಂದೆ.

ಮೂರು ವಾರದ ಮೇಲೆ, ಒಂದು ಬುಧವಾರ, ಹತ್ತಿಮತ್ತೂರಿನಲ್ಲಿದ್ದೆವು. ಒಬ್ಬ ಹೆಂಗಸು ಸಾಲಿನಲ್ಲಿ ನಿಲ್ಲದೆ ನೆಟ್ಟಗೆ ನನ್ನ ಟೇಬಲ್ಲಿಗೆ ಬಂದಳು. ಹಿಂದೆ ಮಾಸೂರಿನ ಅದೇ ಹುಡುಗಿ, ಗೋಡೆ ಸವರಿಕೊಂಡು. ತವರೂರು ಇದು, ಬಂದವಳು ತಾಯಿ. ಮೊಬೈಲಿನಲ್ಲಿ ನನ್ನ ಚೀಟಿಯ ಫೋಟೋ ತೋರಿಸಿದಳು.

“ಬಾಯಾರ, ಇದು ನೀವು ಬರದದ್ದ ಹೌದಲ್ರಿ?”

“ಹೌದು.”

“ಇದನ್ನ ಹಿಡಕೊಂಡ ನನ್ನ ಮಗಳನ್ನ ಮನಿಗೆ ತಂದ ಬಿಟ್ಟಾರ. ಕೂಸನ್ನ ಅಲ್ಲೇ ಇಟಗೊಂಡಾರ. ಎಂಟ ತಿಂಗಳ ಕೂಸರಿ, ಇನ್ನಾ ಎದಿಹಾಲು ಬಿಟ್ಟಿಲ್ಲ.”

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. “ನಾ ಏನು ಸುಳ್ಳು ಬರದಿಲ್ಲವಾ. ಕಣ್ಣು ಸರಿ ಅವ, ಸರಿ ಅಂತ ಬರದೀನಿ. ನಿಮ್ಮ ಮನಿ ಜಗಳಾ ನನ್ನ ಟೇಬಲ್ ಮ್ಯಾಲ ತರಬ್ಯಾಡ್ರಿ.”

ಆಕೆ ಜಗಳಕ್ಕೆ ನಿಲ್ಲಲಿಲ್ಲ, ಹೋಗಲೂ ಇಲ್ಲ. ಅಲ್ಲೇ ಕಲ್ಲುಹಾಸಿನ ಮೇಲೆ ಕೂತಳು. ಕೂತು, ಸಾಲಿನವರೆಲ್ಲ ಕೇಳುವಂತೆಯೇ ಹೇಳಿದಳು. ಹೆರಿಗೆಯ ಹೊತ್ತಿಗೆ ಮಗಳಿಗೆ ಬಿಪಿ ಏರಿ ಝಟಕೆ, ಅಂದರೆ ಫಿಟ್ಸ್, ಬಂದು ನಾಲ್ಕು ದಿನ ಎಚ್ಚರವಿರಲಿಲ್ಲ. ಎದ್ದ ಮೇಲೆ ಎಲ್ಲವೂ ಸರಿಯಾಯಿತೆಂದು ಕಳಿಸಿದರು. ನಮ್ಮ ಕಡೆ ಬಾಣಂತಿಯೆಂದರೆ ತಲೆಗೆ ಅರಿವೆ ಕಟ್ಟಿ, ಬೆಳಕಿಲ್ಲದ ಕೋಣೆಯಲ್ಲಿ ಮಲಗಿಸುವುದು. ಸೂಜಿ ಮುಟ್ಟಬಾರದು, ಕಣ್ಣಿಗೆ ಕೆಲಸ ಕೊಡಬಾರದು, ಕೂಸನ್ನು ಎತ್ತಿ ಕೊಡುವವರು ಬೇರೆ. ಹಾಗಾಗಿ ಮೂರು ತಿಂಗಳು ಯಾರಿಗೂ ಏನೂ ಗೊತ್ತಾಗಲಿಲ್ಲ. ಮಾಸೂರಿಗೆ ಹೋದ ಮೇಲೆ ಒಂದು ದಿನ ಕೂಸನ್ನು ತೊಟ್ಟಿಲಲ್ಲಿ ಮಲಗಿಸಲು ಹೋಗಿ ತೊಟ್ಟಿಲಿನ ಆಚೆ ನೆಲಕ್ಕೆ ಬಿಟ್ಟಳು.

“ತೊಟ್ಟಿಲಾ ಕಾಣತೈತಿ ಅಂತಾಳ, ಕೂಸೂ ಕಾಣತೈತಿ ಅಂತಾಳ. ಹಂಗಾರ ಬೇಕಂತ ಕೆಡವಿದಿ ಅಂತ ಬೀಗತಿ ಗಂಟು ಬಿದ್ದಾಳ. ಬರೂ ಸೋಮವಾರ ಹಿರ್ಯಾರು ಕೂಡತಾರ. ಸೋಡಚೀಟಿ ಮಾಡಿ ಸಂಬಂಧ ಹರಕೊಂಡ ಕೂಸನ್ನ ಅಲ್ಲೇ ಇಟಗೊಳ್ಳೂದು ಅಂತ ಮಾತಾಗೇತಿ. ನಿಮ್ಮ ಚೀಟಿನ ಅವರಿಗೆ ಸಾಕ್ಷಿ.”

ಅಷ್ಟರಲ್ಲಿ ಶಾಲೆಯ ಅಡುಗೆಯವಳು ಚಹಾ ತಂದಳು. ಮಾತು ಬೆಳೆಸಲು ಮನಸ್ಸಿಲ್ಲದೆ ನನ್ನ ಕಪ್ಪನ್ನು ಹುಡುಗಿಯ ಮುಂದಿಟ್ಟೆ. ಆಕೆ ಅದನ್ನು ನೆಟ್ಟ ದೃಷ್ಟಿಯಿಂದ ನೋಡಿದಳು, ಕೈ ಚಾಚಿದಳು. ಕೈ ಕಪ್ಪಿನಿಂದ ನಾಲ್ಕು ಬೆರಳು ಆಚೆ ಹೋಗಿ ಬರೀ ಗಾಳಿಯನ್ನು ಹಿಡಿಯಿತು. ಮತ್ತೆ ಚಾಚಿದಳು, ಕಪ್ಪಿನ ಬಸಿ ತಾಗಿ ಚಹಾ ತುಳುಕಿತು. ಆಗ ತಾಯಿ ಮಗಳ ಮಣಿಕಟ್ಟು ಹಿಡಿದು ಕಪ್ಪಿಗೆ ಮುಟ್ಟಿಸಿದಳು. ಕುರುಡರು ಕೈ ಚಾಚುವುದನ್ನು ಎಷ್ಟೋ ನೋಡಿದ್ದೇನೆ; ಅವರು ಅಂಗೈ ಬಿಚ್ಚಿ ನೆಲ ಸವರಿಕೊಂಡು ಬರುತ್ತಾರೆ. ಕಣ್ಣಿಟ್ಟು ನೋಡುತ್ತಲೇ ಕೈ ತಪ್ಪುವವರನ್ನು ಅವತ್ತೇ ಮೊದಲು ಕಂಡದ್ದು.

“ಎಲ್ಲಾರೂ ಸ್ವಲ್ಪ ತಡೀರಿ,” ಎಂದು ಸಾಲನ್ನು ನಿಲ್ಲಿಸಿದೆ.

ಪೆನ್ನು ಹಿಡಿದು “ಏನಿದು?” ಎಂದೆ. “ಪೆನ್ನು.” ಅದರ ಪಕ್ಕಕ್ಕೇ ಒಂದು ಬಾಚಣಿಕೆ ಹಿಡಿದೆ. “ಈಗ ಎಷ್ಟು ಅವ?” “ಪೆನ್ನ ಐತ್ರಿ.” ಸ್ವಲ್ಪ ಹೊತ್ತಾದ ಮೇಲೆ ಆಕೆಯೇ ಬೆಚ್ಚಿದಂತೆ, “ಈಗ ಬಾಚಣಿಕಿ ಐತಿ. ಪೆನ್ನ ಎಲ್ಲಿ ಹೋತ್ರಿ?” ಎಂದಳು. ಎರಡೂ ನನ್ನ ಒಂದೇ ಕೈಯಲ್ಲಿದ್ದವು.

ಮುಂದಿನದು ಕಣ್ಣಿನ ಓಟ. ಎಡಗೈಯ ಮುಷ್ಟಿ ಒಂದು ಕಡೆ, ಬಲಗೈಯ ಬೆರಳು ಇನ್ನೊಂದು ಕಡೆ ಹಿಡಿದು, “ಮುಷ್ಟಿ ನೋಡು, ಈಗ ಬೆರಳು ನೋಡು,” ಎಂದೆ. ನಾವೆಲ್ಲ ಯೋಚನೆಯಿಲ್ಲದೆ ಮಾಡುವ ಕೆಲಸ ಇದು. ಆಕೆಯ ಕಣ್ಣು ಮುಷ್ಟಿಯ ಮೇಲೇ ನಿಂತವು. ಬರಬೇಕು, ಬರಲಾರವು. ರೆಪ್ಪೆ ಬಡಿದಳು, ತಲೆಯನ್ನೇ ಝಾಡಿಸಿ ತಿರುಗಿಸಿದಳು, ಆಗ ಕಣ್ಣು ಹೇಗೋ ಹಿಂಬಾಲಿಸಿ ಬಂದು ಬೆರಳನ್ನು ದಾಟಿ ಎಲ್ಲೋ ನಿಂತವು. ಹಣೆಯಲ್ಲಿ ಬೆವರು. ಆ ಹೊತ್ತಿಗೆ ಹೊರಗೆ ನಮ್ಮ ಡ್ರೈವರ್ ಹಾರ್ನ್ ಬಾರಿಸಿದ. ತಟ್ಟನೆ ಎರಡೂ ಕಣ್ಣು ಕಿಟಕಿಗೆ ಹಾರಿದವು, ನನ್ನ ನಿಮ್ಮ ಕಣ್ಣು ಹಾರುವಷ್ಟೇ ಚುರುಕಾಗಿ. ಹಾಗಾದರೆ ಕಣ್ಣಿನ ಸ್ನಾಯು ಸರಿ, ನರ ಸರಿ. ಕರೆದರೆ ಹೋಗುವ ಕಣ್ಣು ಕಳಿಸಿದರೆ ಹೋಗುತ್ತಿರಲಿಲ್ಲ.

ಸೀಟಿನ ಕೆಳಗಿನ ಪಟವನ್ನು ತರಿಸಿ ಗೋಡೆಗೆ ಹಾಕಿದೆ. ಧೂಳು ಹಿಡಿದಿತ್ತು.

“ಒಂದು ಇ ಕಾಣತೈತ್ರಿ.”

“ಅದರ ಮುಂದಿಂದು?”

“ಮುಂದಿಂದು ಎಲ್ಲೈತ್ರಿ ಬಾಯಾರ?”

ಅಂದರೆ, ಒಂದೊಂದೇ ಅಕ್ಷರ ತೋರಿಸುವ ನನ್ನ ಜಾಣತನವೇ ಈ ಹುಡುಗಿಯ ರೋಗವನ್ನು ಮುಚ್ಚಿಟ್ಟಿತ್ತು. ಮಾಸೂರಿನಲ್ಲಿ ಅವತ್ತು ಪಟ ಗೋಡೆಯ ಮೇಲಿದ್ದಿದ್ದರೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತಿತ್ತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ನಮ್ಮ ಮನೆಯಲ್ಲಿ ಬೆಳಿಗ್ಗೆ ಸ್ನಾನವಾದ ಮೇಲೆ ಅಪ್ಪ ಮಣೆಯ ಮೇಲೆ ಕೂತು ಪುರಾಣದ ಪೋಥಿ ಓದುತ್ತಿದ್ದರು. ಈ ಕೆಲಸ ಕಲಿಯುವಾಗ ನಮ್ಮ ಶಿಕ್ಷಕರೊಬ್ಬರು, ಯಾರಾದರೂ ಓದುವಾಗ ಅವರ ಕಣ್ಣನ್ನು ನೋಡಿ ಬನ್ನಿ ಎಂದಿದ್ದರು. ಅಪ್ಪನ ಮುಂದೆ ಸಣ್ಣ ಕನ್ನಡಿ ಇಟ್ಟು ನೋಡಿದ್ದೆ. ಓದುವ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುತ್ತದೆ ಎಂದುಕೊಂಡಿದ್ದವಳಿಗೆ ಆಶ್ಚರ್ಯ. ಅದು ಹಾರುತ್ತದೆ, ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಒಂದು ಸೆಕೆಂಡಿನಲ್ಲಿ ಮೂರು ಸಲ. ಎಚ್ಚರವಿರುವಷ್ಟು ಹೊತ್ತೂ ಎಲ್ಲರ ಕಣ್ಣೂ ಹೀಗೆಯೇ. ಮುಂದಿನ ಹಾರಿಕೆ ಎಲ್ಲಿಗೆ ಎಂದು ಹೇಳುವವರು ಯಾರು ಎಂದು ಕೇಳಿದ್ದಕ್ಕೆ ಶಿಕ್ಷಕರು ನಡುನೆತ್ತಿಯಿಂದ ಸ್ವಲ್ಪ ಹಿಂದೆ, ಎಡಕ್ಕೂ ಬಲಕ್ಕೂ ತಟ್ಟಿ ತೋರಿಸಿದ್ದರು. ಪರೈಟಲ್ ಕಾರ್ಟೆಕ್ಸ್. ಯಾವ ವಸ್ತು ಎಲ್ಲಿದೆ ಎಂಬ ನಕ್ಷೆ ಅಲ್ಲಿರುತ್ತದೆ. ಕಣ್ಣಿಗೂ ಕೈಗೂ ಅದೇ ನಕ್ಷೆ ದಾರಿ. ಹಣೆಯ ಕಡೆಯ ಮಿದುಳಿನ ಜೊತೆ ಸೇರಿ ಅದು 'ಇದನ್ನು ಬಿಡು, ಅಲ್ಲಿಗೆ ಹೋಗು' ಎಂದು ಕಣ್ಣಿಗೆ ಹೇಳುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಆಮೇಲೆ ಮರೆತಿದ್ದೆ.

ಆಕೆಯ ಕಣ್ಣಿನ ಓಟವನ್ನು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ಮಾಡಿಕೊಂಡೆ. ಶುಕ್ರವಾರ ತಾಯಿ ಮಗಳನ್ನು ಕೇಂದ್ರಕ್ಕೆ ಕರೆಸಿದೆ. ನಮ್ಮ ಡಾಕ್ಟರು ಔಷಧಿ ಹಾಕಿ ಕಣ್ಣಿನ ಹಿಂಭಾಗದವರೆಗೂ ನೋಡಿದರು. ನರ ನಸುಗೆಂಪಾಗಿ ಆರೋಗ್ಯವಾಗಿತ್ತು, ಕಣ್ಣಿನ ಪರದೆ ಸರಿಯಾಗಿತ್ತು. ಆಸ್ಪತ್ರೆಯ ಹಳೆಯ ಫೈಲಿನಲ್ಲಿ ಝಟಕೆ ಬಂದ ದಿನ ತೆಗೆದ ತಲೆಯ ಸಿಟಿ ಸ್ಕ್ಯಾನ್ ಇತ್ತು. ಅದರಲ್ಲೂ ದೋಷವೇನಿಲ್ಲ ಎಂದು ಬರೆದಿತ್ತು.

ತಾಯಿ ಮಗಳು ಹೊರಗೆ ಹೋದ ಮೇಲೆ ಡಾಕ್ಟರು, “ಇದು ನಮ್ಮ ಹೊಲ ಅಲ್ಲ. ಮನಸಿಗೆ ಪೆಟ್ಟು ಬಿದ್ದಾಗೂ ಹಿಂಗ ಆಗತದ,” ಎಂದರು.

“ಸರ್, ನನ್ನ ಚೀಟಿ ತಪ್ಪು ಅದ.”

“ಕಣ್ಣಿನ ಮಟ್ಟಿಗೆ ತಪ್ಪಿಲ್ಲ. ನೀವು ಹೋಗಿ ತಪ್ಪು ಅಂತ ಹೇಳಿದ್ರ ನಾಳೆ ನಾಲ್ಕೂ ತಾಲೂಕಿನ್ಯಾಗ ಎಲ್ಲಾ ಚೀಟಿ ತಪ್ಪು ಅಂತಾರ. ಪೊರೆ ಆಪರೇಶನ್ನಿಗೆ ಬರೂ ಮಂದಿ ಬರೂದಿಲ್ಲ. ವಿಚಾರ ಮಾಡ್ರಿ.”

ಅವರು ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ನಿಜವೂ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು. ಆದರೆ ಅವರೇ ಹುಬ್ಬಳ್ಳಿಯ ಒಬ್ಬ ನರರೋಗ ತಜ್ಞರ ನಂಬರು ಕೊಟ್ಟರು. ವಿಡಿಯೋ ಕಳಿಸಿದೆ. ಸಂಜೆಯೊಳಗೆ ಒಂದೇ ಸಾಲಿನ ಉತ್ತರ: ನಾಳೆಯೇ ಕರೆದುಕೊಂಡು ಬನ್ನಿ.

ಶನಿವಾರ ಯಲವಿಗಿಯಿಂದ ರೈಲು ಹಿಡಿದೆವು. ಹುಡುಗಿಯನ್ನು ಕಿಟಕಿಗೆ ಕೂರಿಸಿದೆ. ಹೊರಗೆ ನೋಡುತ್ತ ಮೊದಲ ಸಲ ಆಕೆಯ ಮುಖ ಸಡಿಲಾಯಿತು. “ಇಲ್ಲಿ ಆರಾಮ ಐತ್ರಿ. ಎಲ್ಲಾ ತಾನ ಬರತೈತಿ, ನಾ ಹುಡಕೂದು ಬ್ಯಾಡ,” ಎಂದಳು. ಲಗ್ನವಾಗಿ ಹೋದ ಮೇಲೆ ಮಾಸೂರಿನಲ್ಲಿ ಬೀಜದ ಪ್ಲಾಟಿನಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸ ಮಾಡುತ್ತಿದ್ದಳಂತೆ. ಓಣಿಯಲ್ಲೇ ಆಕೆಯಷ್ಟು ಚುರುಕು ಯಾರೂ ಇರಲಿಲ್ಲ ಎಂದು ತಾಯಿ ಹೇಳಿದಳು. “ಆವಾಗ ಒಂದ ಹೂವು ಮುಟ್ಟೂದ್ರಾಗ ಕಣ್ಣು ಮುಂದಿನ ಹೂವಿನ ಮ್ಯಾಲ ಇರತಿದ್ದುವು,” ಎಂದಳು ಹುಡುಗಿ. “ಈಗ ಒಂದರಾಗ ನಿಂತ ಬಿಡತಾವು. ನನ್ನ ಕೂಸಿನ ಮಾರಿ ಇಡೀದ ನೋಡಿ ಎಷ್ಟ ದಿನಾ ಆತೋ. ಕಣ್ಣ ಕಂಡ್ರ ಬಾಯಿ ಹೋಗತೈತಿ, ಬಾಯಿ ಕಂಡ್ರ ಕಣ್ಣ.”

ನಾನು ಆ ಕಡೆ ಮುಖ ತಿರುಗಿಸಿ ಕಣ್ಣೀರು ಒರೆಸಿಕೊಂಡೆ.

ಎಂಆರ್‌ಐ ಆಯಿತು. ತಜ್ಞರು ಪರದೆಯ ಮೇಲೆ ತೋರಿಸಿದರು. ಮಿದುಳಿನ ಎರಡೂ ಕಡೆ, ಹಿಂದೆ ಮೇಲ್ಗಡೆ, ಶಿಕ್ಷಕರು ತಟ್ಟಿ ತೋರಿಸಿದ್ದ ಅದೇ ಜಾಗದಲ್ಲಿ ಬಿಳಿ ಕಲೆ. “ಝಟಕೆ ಬಂದಾಗ ರಕ್ತ ಸಿಗದೆ ಸತ್ತ ಜಾಗ ಇದು. ಅವತ್ತಿನ ಸಿಟಿಯಲ್ಲಿ ಕಾಣುವುದಿಲ್ಲ. ಒಂದೇ ಕಡೆ ಆಗಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲ,” ಎಂದರು. ಸೋಗು ಇರಬಹುದೇ ಎಂದು ನಾನೇ ಕೇಳಿದೆ, ಅವರ ಬಾಯಿಂದಲೇ ಉತ್ತರ ಬೇಕಿತ್ತು. “ಇಷ್ಟು ಕರಾರುವಾಕ್ಕಾಗಿ ಸೋಗು ಹಾಕಬೇಕಾದರೆ ಆಕೆ ನನಗಿಂತ ಹೆಚ್ಚು ಓದಿರಬೇಕು,” ಎಂದರು. ಅಭ್ಯಾಸದಿಂದ ಸ್ವಲ್ಪ ಸುಧಾರಿಸಬಹುದು, ಪೂರ್ತಿ ಮೊದಲಿನಂತೆ ಆಗುವುದು ಕಷ್ಟ. ಲಿಖಿತ ವರದಿ ಬುಧವಾರ ಸಿಗುತ್ತದೆ.

ಹಿರಿಯರು ಕೂಡುವುದು ಸೋಮವಾರ. ಎರಡು ದಿನ ಮುಂದೆ ಹಾಕಿಸಿ ಎಂದು ತಾಯಿ ಫೋನು ಮಾಡಿದರೆ, ಬರುವುದಿದ್ದರೆ ಬನ್ನಿ, ಇಲ್ಲದಿದ್ದರೆ ನಾವೇ ಮಾತು ಮುಗಿಸುತ್ತೇವೆ ಎಂದರಂತೆ. ಚೀಟಿ ಅವರ ಕೈಯಲ್ಲಿತ್ತು. ವರದಿ ನಮ್ಮ ಕೈಯಲ್ಲಿ ಇರಲಿಲ್ಲ. ಸೋಮವಾರ ನಾನು ಹಾನಗಲ್ಲ ಕಡೆ ಇರಬೇಕಾದವಳು. ಭಾನುವಾರ ಇಡೀ ದಿನ ಅಡುಗೆಮನೆಗೂ ಹೊರಗಿನ ಕಟ್ಟೆಗೂ ಓಡಾಡಿದೆ. ಹೋಗದಿರಲು ಕಾರಣಗಳು ಒಂದರ ಹಿಂದೆ ಒಂದು ಸಿಗುತ್ತಿದ್ದವು, ಎಲ್ಲವೂ ಒಳ್ಳೆಯ ಕಾರಣಗಳೇ. ಕೊನೆಗೆ ಡಾಕ್ಟರಿಗೆ ಫೋನು ಮಾಡಿ ರಜೆ ಕೇಳಿದೆ. ಯಾಕೆ ಎಂದು ಅವರು ಕೇಳಲಿಲ್ಲ.

“ಹೋಗ್ರಿ. ಆದ್ರ ಕೇಂದ್ರದ ಹೆಸರಿನ್ಯಾಗ ಹೋಗಬ್ಯಾಡ್ರಿ,” ಎಂದರು.

“ಸಹಿ ನಂದ ಅದ ಸರ್. ನನ್ನ ಹೆಸರಿನ್ಯಾಗ ಹೋಗತೀನಿ.”

ಸೋಮವಾರ ಮಾಸೂರಿನ ಬಸ್ಸಿನಲ್ಲಿ ಹುಡುಗಿ ನನ್ನ ಕೈ ಹುಡುಕಿ ಹಿಡಿದುಕೊಂಡಳು. “ಬಾಯಾರ, ಅಲ್ಲಿ ಮಂದಿ ಮುಂದ ನನ್ನ ಪರೀಕ್ಷಾ ಮಾಡಬ್ಯಾಡ್ರಿ. ಒಮ್ಮೆ ಮಾಡಿದ್ದು ಸಾಕು.” ಆಗಲಿ ಎಂದೆ. ಪೆನ್ನು, ಬಾಚಣಿಕೆ, ಪಟ ಎಲ್ಲ ನನ್ನ ಚೀಲದಲ್ಲಿದ್ದವು. ಅವನ್ನು ತೆಗೆಯುವಂತಿಲ್ಲ ಎಂದರೆ ತೋರಿಸುವುದು ಏನನ್ನು?

ಮಾಸೂರಿನ ಆ ಮನೆಯ ಪಡಸಾಲೆಯಲ್ಲಿ ಐದಾರು ಹಿರಿಯರು ಕೂತಿದ್ದರು. ಹುಡುಗಿಯ ಗಂಡ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಅತ್ತೆ ಸುಮ್ಮನೆ ಕೂರುವ ಜೀವವಲ್ಲ. ಮಡಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿಯೊಳಗಿನ ಕಲ್ಲು ಆರಿಸುತ್ತಿದ್ದಳು. ಕೂಸು ಒಳಗೆಲ್ಲೋ ಅಳುತ್ತಿತ್ತು. ಹುಡುಗಿಯ ತಲೆ ಆ ದನಿಯ ಕಡೆ ತಿರುಗಿ ಅಲ್ಲೇ ನಿಂತಿತು.

“ಈ ಚೀಟಿ ತಪ್ಪು ಅದ. ಬರದಾಕಿ ನಾನ,” ಎಂದೆ.

ತಲೆಗೆ ಪಟಗ ಸುತ್ತಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು. “ಆವತ್ತ ಸರಿ ಇತ್ತು, ಇವತ್ತ ತಪ್ಪಾತು. ಯಾರ ಹೇಳಿ ಕರಕೊಂಡ ಬಂದಾರ್ರಿ ಬಾಯಾರ ನಿಮ್ಮನ್ನ?”

ಮೈಯೆಲ್ಲ ಉರಿಯಿತು. ಬೇರೆ ದಿನವಾಗಿದ್ದರೆ ಎದ್ದು ಬರುತ್ತಿದ್ದೆ. ಒಳಗಿನ ಅಳು ಕೇಳುತ್ತಿತ್ತು, ಕೂತೇ ಇದ್ದೆ. “ಯಾರೂ ಹೇಳಿಲ್ಲರಿ ಹಿರ್ಯಾರ. ನಾ ಗಡಿಬಿಡಿ ಮಾಡಿ ನೋಡಿದ್ದೆ. ಕಣ್ಣು ಛಲೋ ಅವ, ಅದು ಖರೆ. ಎತ್ತು ಗಟ್ಟಿ ಅವ, ಹಗ್ಗ ಹರದದ. ಝಟಕಿ ಬಂದಾಗ ಮಿದುಳಿನ್ಯಾಗ ಕಣ್ಣು ನಡಸೂ ಜಾಗಾ ಸತ್ತದ. ಹುಬ್ಬಳ್ಳ್ಯಾಗ ಫೋಟೋ ತಗಸಿ ನೋಡಿ ಬಂದೀವಿ, ಬುಧವಾರ ಕಾಗದಾ ಬರತದ.”

“ಒಂದೊಂದ ತೋರಿಸಿದ್ರ ಎಲ್ಲಾ ಹೇಳತಾಳ,” ಎಂದಳು ಅತ್ತೆ, ಮೊರದಿಂದ ತಲೆಯೆತ್ತದೆ. “ಕಾಣತೈತಿ ಅಂದಂಗ ಆತಿಲ್ಲೋ?”

ಆಕೆಯ ಬೆರಳುಗಳನ್ನೇ ನೋಡುತ್ತಿದ್ದೆ. ಒಂದು ಕಲ್ಲು ಎತ್ತುವುದರೊಳಗೆ ಕಣ್ಣು ಇನ್ನೊಂದು ಕಲ್ಲಿನ ಮೇಲೆ. ರೈಲಿನಲ್ಲಿ ಹುಡುಗಿ ಹೇಳಿದ ಹೂವಿನ ಮಾತು ನೆನಪಾಯಿತು. ಪರೀಕ್ಷೆ ಮಾಡಬೇಕಾದದ್ದು ಹುಡುಗಿಯನ್ನಲ್ಲ ಎಂದು ಆ ಕ್ಷಣಕ್ಕೆ ಹೊಳೆಯಿತು.

“ಆ ಚೀಟಿ ಇಲ್ಲೆ ಕೊಡ್ರಿ,” ಎಂದೆ. ಅತ್ತೆ ಅದನ್ನು ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಜೋಪಾನವಾಗಿಟ್ಟಿದ್ದಳು. ಅದನ್ನು ಹೊರತೆಗೆದು ಬೆರಳುಗಾತ್ರಕ್ಕೆ ಕೊಳವೆಯಂತೆ ಸುತ್ತಿದೆ. “ಒಂದು ಕಣ್ಣು ಮುಚ್ಚಗೋರಿ. ಇನ್ನೊಂದರಿಂದ ಇದರಾಗ ನೋಡಕೋತ ಅಕ್ಕ್ಯಾಗಿನ ಹಳ್ಳು ಆರಸ್ರಿ. ಸುರಳಿ ಹಿಡಿಯಾಕಿ ನಾನು. ತಲಿ ಅಳಗಾಡಸಂಗಿಲ್ಲ.”

“ಇದೇನ ಹುಡುಗಾಟಿಕಿರಿ?” ಎಂದಳು. ಆದರೆ ಹಿರಿಯರು ನೋಡುತ್ತಿದ್ದರು, ಪರೀಕ್ಷೆ ಎಂದ ಮೇಲೆ ಪಾಸಾಗಲೇಬೇಕು. ಕಣ್ಣು ಹಚ್ಚಿದಳು.

ಕೊಳವೆಯನ್ನು ಒಂದು ಕಡೆ ಹಿಡಿದು ನಿಲ್ಲಿಸಿದೆ. ಆಮೇಲೆ ಯಾವಾಗಲೋ ಒಮ್ಮೆ ಬೇರೆ ಕಡೆ ಸರಿಸಿದೆ. ಆಕೆಯ ಕೈ ಅಕ್ಕಿಯಲ್ಲಿ ತಡವರಿಸಿತು. ಮೊದಲು ನಕ್ಕಳು. “ಸುಮ್ಮ ಹಿಡೀರಿ ಬಾಯಾರ, ಎತ್ತಾಗ ಒಯ್ತೀರಿ? ಒಂದ ಕಾಳ ಕಂಡಿತ್ತು, ಹೋತು.”

“ನಾ ಒಯ್ಯೂದಿಲ್ಲರಿ. ಅದ ಹೋಗತದ. ಮೊರದ ಅಂಚು ಎಲ್ಲದ?”

ಕೈ ಅಂಚನ್ನು ಹುಡುಕಿ ಗಾಳಿಗೆ ಹೋಯಿತು. ಮೊರ ವಾಲಿ ಅಕ್ಕಿ ಸ್ವಲ್ಪ ನೆಲಕ್ಕೆ ಸುರಿಯಿತು. ಯಾರೂ ನಗಲಿಲ್ಲ.

“ಈಗ ಅದು ಅಕ್ಕಿ ಅಲ್ಲ, ಕೂಸು ಅಂತ ತಿಳಕೋರಿ,” ಎಂದೆ. “ತೊಟ್ಟಿಲದಾಗ ಮಲಗಸ್ರಿ.”

ಆಕೆ ಕೊಳವೆಯಿಂದ ಕಣ್ಣು ತೆಗೆದಳು. ಮೊರವನ್ನು ಪಕ್ಕಕ್ಕೆ ಇಟ್ಟಳು. ಆಮೇಲೆ ನನ್ನನ್ನಲ್ಲ, ಸೊಸೆಯನ್ನು ಕೇಳಿದಳು.

“ಹಗಲೆಲ್ಲಾ ಹಿಂಗ ಏನ ನಿನಗ?”

“ಹ್ಞೂಂ ಅತ್ತಿ.”

“ಮತ್ತ ಬಾಯಿ ಬಿಟ್ಟ ಹೇಳಾಕ ಏನಾಗಿತ್ತ?”

“ಹೇಳಿದ್ನೆಲ್ರಿ. ಉಳಿಯೂದಿಲ್ಲ ಅಂತ ಹೇಳಿದ್ನಿ. ಬಾಯಾರಿಗೂ ಹೇಳಿದ್ನಿ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಪಟಗದ ಹಿರಿಯರು ಗಂಟಲು ಸರಿಮಾಡಿಕೊಂಡು ಕಂಬದ ಹತ್ತಿರ ನಿಂತವನ ಕಡೆ ನೋಡಿದರು. “ತಮ್ಮಾ, ಕೂಸನ್ನ ತಗೊಂಬಾ. ತಾಯಿ ಇದ್ದಲ್ಲೆ ಕೂಸು. ಇದರ ಮ್ಯಾಲ ಮಾತಿಲ್ಲ.” ಅವನು ಒಳಗೆ ಓಡಿದ. ಕೂಸನ್ನು ತಂದಾಗ ಅದನ್ನು ಇಸಿದುಕೊಂಡದ್ದು ಅತ್ತೆ. ಸೊಸೆಯ ಎದುರು ಕೂತು, ಆಕೆಯ ಎರಡೂ ಕೈ ಹಿಡಿದು ಕೂಸಿನ ಬೆನ್ನಿಗೂ ತಲೆಗೂ ಮುಟ್ಟಿಸಿ, “ಇಲ್ಲೈತಿ. ಇದು ತಲಿ. ಹಿಡಿ,” ಎಂದಳು. ಕೂಸು ಅಳು ನಿಲ್ಲಿಸಿ ಎದೆಗೆ ಬಾಯಿ ಹಾಕಿತು.

ಆ ಚೀಟಿಯನ್ನು ಹರಿದು ಇನ್ನೊಂದು ಬರೆದೆ. ಕಣ್ಣು ಸರಿ ಇವೆ. ಕಣ್ಣನ್ನು ನಡೆಸುವ ಮಿದುಳಿನ ಭಾಗಕ್ಕೆ ಎರಡೂ ಕಡೆ ಪೆಟ್ಟಾಗಿದೆ. ಈಕೆ ಹೇಳುತ್ತಿರುವುದು ನಿಜ. ಮೊಹರು ಇರಲಿಲ್ಲ, ಸಹಿ ಅಷ್ಟೇ. ಬುಧವಾರ ಬಂದ ವರದಿಯನ್ನು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಡಾಕ್ಟರು ಹೇಳಿದಂತೆಯೂ ಆಯಿತು. ಶಿಗ್ಗಾಂವಿ ಕಡೆಯ ಒಂದು ಊರಿನಲ್ಲಿ ಒಬ್ಬ, “ಬಾಯಾರ, ಈಗ ನೆಟ್ಟಗ ನೋಡ್ರಿ, ಮತ್ತ ತಿಂಗಳ ಬಿಟ್ಟ ಬಂದ ತಪ್ಪಾತು ಅನ್ನಬ್ಯಾಡ್ರಿ,” ಎಂದ. ಸಾಲೆಲ್ಲ ನಕ್ಕಿತು. ಈಗ ಪಟವೂ ಇದೆ, ರಟ್ಟೂ ಇದೆ. ಒಬ್ಬೊಬ್ಬರಿಗೆ ಮೊದಲಿಗಿಂತ ಎರಡರಷ್ಟು ಹೊತ್ತು ಹಿಡಿಯುತ್ತದೆ, ಡ್ರೈವರ್ ಗೊಣಗುತ್ತಾನೆ. ಬಾಯಿಪಾಠ ಮಾಡುವವರು ಮಾಡಲಿ.

ಗುರುವಾರ ಆ ಕಡೆ ಹೋದಾಗಲೆಲ್ಲ ಆ ಮನೆಗೆ ಹೋಗಿ ಬರುತ್ತೇನೆ. ತೊಟ್ಟಿಲಿನ ಅಂಚಿಗೆ ಕೆಂಪು ಅರಿವೆ ಸುತ್ತಿಸಿದೆ, ಕೈಯಿಂದ ಮೊದಲು ಅಂಚು ಮುಟ್ಟಿ ಆಮೇಲೆ ಕೂಸನ್ನು ಇಳಿಸುವುದನ್ನು ರೂಢಿ ಮಾಡಿಸಿದೆ. ಒಂದರಿಂದ ಇನ್ನೊಂದಕ್ಕೆ ಕಣ್ಣು ಕಳಿಸುವ ಅಭ್ಯಾಸ ದಿನಕ್ಕೆ ಎರಡು ಸಲ. ಮಾಡಿಸುವವಳು ಅತ್ತೆ, ನನಗಿಂತ ಬಿಗಿ. ಎಲ್ಲಿದೆ ಎಂದು ಸಪ್ಪಳದಿಂದ ತಿಳಿಯಲೆಂದು ಕೂಸಿಗೆ ಕಾಲ್ಗೆಜ್ಜೆ ಕಟ್ಟಿದ್ದೂ ಅತ್ತೆಯದೇ ವಿಚಾರ. ಮುಷ್ಟಿಯಿಂದ ಬೆರಳಿಗೆ ಈಗ ಕಣ್ಣು ಒಮ್ಮೊಮ್ಮೆ ಬರುತ್ತವೆ, ಬಹಳ ಸಲ ಬರುವುದಿಲ್ಲ. ಕ್ರಾಸಿಂಗ್ ಕೆಲಸಕ್ಕೆ ಆಕೆ ಮತ್ತೆ ಹೋಗಲಾರಳು.

ಹೋದ ಸಲ ಹೋದಾಗ ಕೂಸು ಅಂಬೆಗಾಲಿಕ್ಕುತ್ತಿತ್ತು. ಹುಡುಗಿ ಕಟ್ಟೆಯ ಮೇಲೆ ಕೂತಿದ್ದಳು, ಕಣ್ಣು ಎದುರಿನ ಬಾಗಿಲಿನ ಚಿಲಕದ ಮೇಲೆ ನಿಂತಿದ್ದವು. ಕೂಸು ಆಕೆಯ ಎಡಕ್ಕೆ ಕೂತು ಒಮ್ಮೆ ಕೂಗಿತು. ಆಕೆ ತಲೆ ಝಾಡಿಸಿದಳು, ಕಣ್ಣು ಬರಲಿಲ್ಲ. ಕೂಸು ಇನ್ನೊಮ್ಮೆ ಕೂಗಲಿಲ್ಲ. ಮೆಲ್ಲಗೆ ಸರಿದು ಬಂದು, ತಾಯಿಯ ಸೆರಗು ಹಿಡಿದು ಎದ್ದು ನಿಂತು, ಆಕೆಗೂ ಬಾಗಿಲಿಗೂ ನಡುವೆ, ಆ ಕಣ್ಣು ನಿಂತಿದ್ದ ಜಾಗಕ್ಕೆ ಸರಿಯಾಗಿ ತನ್ನ ಮುಖ ತಂದು ಇಟ್ಟಿತು.

“ಯಾರು ಕಲಿಸಿದ್ರಿದನ್ನ?” ಎಂದು ಅತ್ತೆಯನ್ನು ಕೇಳಿದೆ.

“ಯಾರೂ ಕಲಿಸಿಲ್ರಿ ಬಾಯಾರ,” ಎಂದಳು ಅತ್ತೆ. “ದಿನಾ ಹಂಗ ಮಾಡತೈತಿ.”